ಶೆಲ್ಲಿ ಬೀಚ್, ಮ್ಯಾನ್ಲಿ, ಸಿಡ್ನಿ: ಸ್ನಾರ್ಕೆಲಿಂಗ್‌ಗೆ ಫುಲ್ ಮಾರ್ಕ್ಸು, ಪಾರ್ಕಿಂಗ್‌ಗೆ ಸೊನ್ನೆ

ಮೊದಲೇ ಹೇಳ್ಬಿಡ್ತೀನಿ, ಕಣ್ಣು ಹಾಯಿಸಿದಷ್ಟು ದೂರ ಮರಳು, ದೊಡ್ಡ ದೊಡ್ಡ ಅಲೆ ಬೇಕು ಅನ್ನೋರು ಶೆಲ್ಲಿಗೆ ಬರ್ಬೇಡಿ. ಮ್ಯಾನ್ಲಿಯ ದೊಡ್ಡ ಬೀಚ್ ಪಕ್ಕದಲ್ಲೇ ಇದೆ, ಅಲ್ಲೇ ಇದ್ಬಿಡಿ. ಆ ದೊಡ್ಡ ಬೀಚಿನ ದಕ್ಷಿಣದ ತುದಿ ದಾಟಿ ಬಂಡೆ ಅಂಚಲ್ಲೇ ಒಂದು ಹದಿನೈದು ನಿಮಿಷ ನಡ್ಕೊಂಡು ಹೋದ್ರೆ ಗುಡ್ಡದ ಮಡಿಲಲ್ಲಿ ಒಂದು ಪುಟ್ಟ ಮೂಲೆ ಸಿಗುತ್ತೆ, ಅದೇ ಶೆಲ್ಲಿ ಬೀಚ್. ಮರಳು ಸ್ವಲ್ಪ ದಪ್ಪ, ಜಾಗ ಕಮ್ಮಿ, ಜನವರಿಯ ಭಾನುವಾರ ಹೋದ್ರೆ ಟವೆಲ್ ಹಾಸೋಕೂ ಜಾಗ ಹುಡುಕ್ಬೇಕು. ಇಷ್ಟೆಲ್ಲಾ ಹೇಳಿದ್ರೂ ಸಿಡ್ನಿಗೆ ನೆಂಟರು ಬಂದ್ರೆ ನಾನು ಮೊದಲು ಕರ್ಕೊಂಡು ಹೋಗೋದು ಇಲ್ಲಿಗೇನೇ. ಯಾಕಂದ್ರೆ ಗುಂಪಲ್ಲಿ ಒಬ್ರಿಗೆ ಈಜ್ಬೇಕು, ಒಬ್ರಿಗೆ ನಡೀಬೇಕು, ಇನ್ನೊಬ್ರಿಗೆ ನೀರು ಕಂಡ್ರೇ ಆಗಲ್ಲ, ನೆರಳಲ್ಲಿ ಕೂತು ತಿಂಡಿ ತಿನ್ಬೇಕು ಅಷ್ಟೇ. ಇವರೆಲ್ಲರನ್ನೂ ಒಂದೇ ಕಡೆ, ಒಬ್ರಿಗೊಬ್ರು ಕಾಣೋ ಹಾಗೆ ಬಿಟ್ಟು ನಿಶ್ಚಿಂತೆಯಾಗಿ ಇರೋಕೆ ಆಗೋ ಜಾಗ ಈ ಊರಲ್ಲಿ ನನಗೆ ಬೇರೆ ಸಿಕ್ಕಿಲ್ಲ.

ಹೋಗೋದು ಹೇಗೆ ಅಂತ ಮುಗಿಸ್ಬಿಡೋಣ. ಸಿಡ್ನಿ ಪೇಟೆಯ ಸರ್ಕ್ಯುಲರ್ ಕೀ ಫೆರಿ ನಿಲ್ದಾಣದ ವಾರ್ಫ್ 3ರಿಂದ ಮ್ಯಾನ್ಲಿ ಫೆರಿ, ಸುಮಾರು ಅರ್ಧ ಗಂಟೆ. ಬಸ್ಸು, ರೈಲು, ಫೆರಿಗೆಲ್ಲ ನಡೆಯೋ ಇಲ್ಲಿನ ಓಪಲ್ ಕಾರ್ಡ್ ಇಲ್ಲಾ ಬ್ಯಾಂಕ್ ಕಾರ್ಡ್ ಟ್ಯಾಪ್ ಮಾಡಿದ್ರೆ ಆಯ್ತು. ಒಪೆರಾ ಹೌಸು, ಹಾರ್ಬರ್ ಬ್ರಿಡ್ಜು ಎಲ್ಲಾ ಈ ಟಿಕೆಟ್ಟಲ್ಲೇ ನೋಡಿದ ಹಾಗೂ ಆಗುತ್ತೆ. ಹೋಗ್ತಾ ಬಲಗಡೆ ಕೂತ್ರೆ ಒಳ್ಳೇದು, ಬಂದರಿನ ಬಾಯಿ ದಾಟುವಾಗ ಕಡಲಿನ ಅಲೆ ಬಲಗಡೆಯಿಂದಾನೇ ಬರುತ್ತೆ, ಹಡಗು ಚೆನ್ನಾಗಿ ತೂಗಾಡುತ್ತೆ, ಮಕ್ಕಳಿಗೆ ಅದೇ ಒಂದು ಆಟ. ಇಳಿದ ಮೇಲೆ ಕಾರ್ಸೋ ಅನ್ನೋ ಅಂಗಡಿ ಬೀದೀಲಿ ನೇರ ನಡೆದ್ರೆ ಕಡಲು ಎದುರಿಗೆ, ಅಲ್ಲಿ ಬಲಕ್ಕೆ ತಿರುಗಿ, ಆಮೇಲೆ ದಾರಿ ಕೇಳೋ ಅಗತ್ಯಾನೇ ಇಲ್ಲ.

ಈ ಕೊನೇ ದಾರಿ ಇದ್ಯಲ್ಲ, ಮರೀನ್ ಪೆರೇಡ್, ಇದಕ್ಕೇ ಬೇರೆ ರಿವ್ಯೂ ಬರೀಬಹುದು. ಸಮತಟ್ಟಾದ ಸಿಮೆಂಟ್ ಹಾದಿ, ಒಂದು ಕಿಲೋಮೀಟರ್ ಆಸುಪಾಸು, ಮಗು ತಳ್ಳೋ ಗಾಡಿಗೂ ವೀಲ್‌ಚೇರ್‌ಗೂ ತೊಂದ್ರೆ ಇಲ್ಲ. ಎಡಕ್ಕೆ ಕೈ ಚಾಚಿದ್ರೆ ನೀರು, ಬಲಕ್ಕೆ ಬಂಡೆ ಗೋಡೆ. ಮಧ್ಯದಲ್ಲಿ ಫೇರಿ ಬೋವರ್ ಅಂತ ಮೂರು ಮೂಲೆಯ ಒಂದು ಕಡಲ ಈಜುಕೊಳ ಸಿಗುತ್ತೆ, 1929ರಲ್ಲಿ ಕಟ್ಟಿದ್ದು, ಅಂಚಲ್ಲಿ ಜಲಕನ್ಯೆಯರ ಶಿಲ್ಪ ಇದೆ. ಸ್ನಾರ್ಕೆಲಿಂಗ್ ಅಂದ್ರೆ ಮಾಸ್ಕು, ಉಸಿರಿನ ಕೊಳವೆ ಹಾಕ್ಕೊಂಡು ತೇಲ್ತಾ ನೀರೊಳಗೆ ನೋಡೋದು. ಈಜು ಅಷ್ಟಾಗಿ ಬಾರದವರು ಮಾಸ್ಕ್ ಹಾಕ್ಕೊಂಡು ಉಸಿರಾಡೋದು ಕಲಿಯೋಕೆ ಈ ಕೊಳ ಬೆಸ್ಟು, ನೇರ ಕಡಲಿಗೆ ಇಳಿಯೋಕಿಂತ ಮುಂಚೆ ಇಲ್ಲಿ ಅರ್ಧ ಗಂಟೆ ಮುಖ ಮುಳುಗಿಸಿ ಅಭ್ಯಾಸ ಮಾಡ್ಕೊಳ್ಳಿ. ದಾರಿ ಪಕ್ಕದಲ್ಲಿ ಬಿಸಿಲು ಕಾಯಿಸ್ತಾ ಕೂತಿರೋ ಓತಿಕ್ಯಾತದಂಥ ದೊಡ್ಡ ಪ್ರಾಣಿಗಳನ್ನ ನೋಡಿ ಕಿರುಚ್ಬೇಡಿ, ಅವು ಈಸ್ಟರ್ನ್ ವಾಟರ್ ಡ್ರ್ಯಾಗನ್‌ಗಳು, ಬಾಲ ಸೇರಿ ಒಂದು ಮೀಟರಿಗೆ ಸ್ವಲ್ಪ ಕಮ್ಮಿ ಇರುತ್ತೆ ಅಷ್ಟೇ, ಜನರನ್ನ ಕ್ಯಾರೇ ಅನ್ನಲ್ಲ. ಚಿಪ್ಸ್ ಹಾಕೋರೂ ಇದಾರೆ, ದಯವಿಟ್ಟು ನೀವು ಹಾಕ್ಬೇಡಿ.

ಈಗ ಅಸಲಿ ವಿಷ್ಯ, ನೀರು.

ಈ ಜಾಗದ ಗುಟ್ಟು ಇರೋದು ಅದು ಮುಖ ಮಾಡಿರೋ ದಿಕ್ಕಲ್ಲಿ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಬೀಚುಗಳೆಲ್ಲ ಸಾಮಾನ್ಯವಾಗಿ ಪೂರ್ವಕ್ಕೆ, ತೆರೆದ ಪೆಸಿಫಿಕ್ ಕಡೆಗೆ ಮುಖ ಮಾಡಿರುತ್ತವೆ, ಇದು ಹಾಗಲ್ಲ, ಗುಡ್ಡದ ಹಿಂದೆ ಬಗ್ಗಿ ಪಶ್ಚಿಮಕ್ಕೆ ತಿರುಗಿ ಕೂತಿದೆ. ಸಿಡ್ನಿಗೆ ದೊಡ್ಡ ಅಲೆಗಳು ಹೆಚ್ಚಾಗಿ ಬರೋದು ದಕ್ಷಿಣದ ಕಡೆಯಿಂದ, ಅವನ್ನ ಗುಡ್ಡ ತಡೆಯುತ್ತೆ. ಹಾಗಾಗಿ ಪಕ್ಕದ ದೊಡ್ಡ ಬೀಚಲ್ಲಿ ಅಲೆ ಎದ್ದು ಎದ್ದು ಬೀಳ್ತಿದ್ರೂ ಇಲ್ಲಿ ಎಷ್ಟೋ ಸಲ ಕೆರೆ ನೀರಿನ ಹಾಗೆ ಇರುತ್ತೆ. ಆದ್ರೆ ಯಾವಾಗ್ಲೂ ಹಾಗೇ ಅಂತ ನಂಬ್ಕೊಂಡು ಬರ್ಬೇಡಿ. ಬೇಸಿಗೇಲಿ, ಅಂದ್ರೆ ಇಲ್ಲಿ ಡಿಸೆಂಬರಿಂದ ಫೆಬ್ರವರಿ, ಮಧ್ಯಾಹ್ನ ಆದ ಮೇಲೆ ಈಶಾನ್ಯದ ಗಾಳಿ ಏಳುತ್ತೆ, ಅದಕ್ಕೆ ಈ ಕೊಲ್ಲಿ ಬಾಗಿಲು ತೆರೆದಿಟ್ಟ ಹಾಗೆ, ನೀರು ಕಲಕಿ ಏನೂ ಕಾಣಲ್ಲ. ಬೆಳಗ್ಗೆ ಏಳೂವರೆ ಎಂಟಕ್ಕೆಲ್ಲ ನೀರಲ್ಲಿ ಇರ್ಬೇಕು ಅನ್ನೋದು ಅದಕ್ಕೇ. ಆ ಹೊತ್ತಿಗೆ ದೊಡ್ಡ ಬೀಚಿಂದ ಗುಲಾಬಿ ಟೋಪಿ ಹಾಕ್ಕೊಂಡ ಈಜುಗಾರರ ದಂಡೇ ಈಜ್ಕೊಂಡು ಬರುತ್ತೆ, ಶೆಲ್ಲಿ ಮರಳು ಮುಟ್ಟಿ ವಾಪಸ್ ಹೋಗ್ತಾರೆ, ಒಟ್ಟು ಒಂದೂವರೆ ಕಿಲೋಮೀಟರು, ಅರವತ್ತು ದಾಟಿದೋರೂ ಇರ್ತಾರೆ, ನೋಡಿದ್ರೆ ನಮ್ಮ ಫಿಟ್‌ನೆಸ್ ಬಗ್ಗೆ ನಾಚಿಕೆ ಆಗುತ್ತೆ.

ಎರಡನೇ ಗುಟ್ಟು ರೂಲ್ಸು. ಈ ಕೊಲ್ಲಿಗೆ ಕ್ಯಾಬೇಜ್ ಟ್ರೀ ಬೇ ಅಂತ ಹೆಸರು, 2002ರಲ್ಲಿ ಇದನ್ನ ಆಕ್ವಾಟಿಕ್ ರಿಸರ್ವ್, ಅಂದ್ರೆ ನೀರಿನ ಜೀವಿಗಳ ರಕ್ಷಿತ ಜಾಗ, ಅಂತ ಘೋಷಿಸಿದ್ರು. ಬರೀ 20 ಹೆಕ್ಟೇರ್ ಅಷ್ಟೇ, ಆದ್ರೆ ಗಾಳ ಹಾಕೋ ಹಾಗಿಲ್ಲ, ಈಟಿ ತರೋ ಹಾಗಿಲ್ಲ, ನೀರಿನ ಜೀವಿ ಯಾವುದನ್ನೂ ಎತ್ಕೊಂಡು ಹೋಗೋ ಹಾಗಿಲ್ಲ. ಸರ್ಕಾರದ ಲೆಕ್ಕದಲ್ಲೇ ಇಲ್ಲಿ 160ಕ್ಕೂ ಹೆಚ್ಚು ಜಾತಿಯ ಮೀನುಗಳಿವೆ. ಇದೆಲ್ಲ ಬೋರ್ಡ್ ಓದಿ ಗೊತ್ತಾಗೋ ವಿಷ್ಯ, ಆದ್ರೆ ವ್ಯತ್ಯಾಸ ನಿಜವಾಗ್ಲೂ ಕಾಣೋದು ನೀರಿಗೆ ಇಳಿದಾಗ. ಇಲ್ಲಿನ ಮೀನುಗಳಿಗೆ ಮನುಷ್ಯರ ಭಯ ಇಲ್ಲ. ಬೇರೆ ಕಡೆ ನೆರಳು ಬಿದ್ರೆ ಸಾಕು ಸರ್ರಂತ ಹೋಗ್ಬಿಡ್ತವೆ, ಇಲ್ಲಿ ನೀವೇ ದಾರಿ ಬಿಡ್ಬೇಕು.

ಅದ್ರಲ್ಲೂ ಬ್ಲೂ ಗ್ರೋಪರ್. ನ್ಯೂ ಸೌತ್ ವೇಲ್ಸ್ ರಾಜ್ಯದ ಅಧಿಕೃತ ಮೀನು ಇದು, 1998ರಿಂದ. ಒಂದು ಮೀಟರ್ ಉದ್ದ ಬೆಳೆಯುತ್ತೆ, ಗಂಡು ಅಂದ್ರೆ ಇಂಕಲ್ಲಿ ಅದ್ದಿ ತೆಗೆದ ಹಾಗೆ ನೀಲಿ. ಮರಳಿಂದ ನೀರಿಗೆ ಇಳಿದು ಬಲಗಡೆ ಗುಡ್ಡದ ಬುಡದ ಬಂಡೆಗಳ ಸಾಲು ಹಿಡ್ಕೊಂಡು ನಿಧಾನಕ್ಕೆ ಹೋಗಿ, ಸಾಮಾನ್ಯವಾಗಿ ಅದೇ ನಿಮ್ಮನ್ನ ಹುಡುಕ್ಕೊಂಡು ಬರುತ್ತೆ. ಹತ್ರ ಬಂದಾಗ ಕಣ್ಣು ನೋಡಿ, ಕಣ್ಣು ಬೇರೆ ಬೇರೆಯಾಗಿ ತಿರುಗುತ್ತೆ, ಒಂದು ನಿಮ್ಮ ಮೇಲೆ, ಇನ್ನೊಂದು ಬಂಡೆ ಮೇಲೆ. ದಪ್ಪ ತುಟಿ, ಒಳಗೆ ಗೂಟದ ಹಾಗೆ ಹಲ್ಲು, ಕಡಲಚಿಳ್ಳೆ (ಮೈತುಂಬ ಮುಳ್ಳಿರೋ ಸೀ ಅರ್ಚಿನ್), ಏಡಿ, ಚಿಪ್ಪು ಎಲ್ಲಾ ಕಟಕಟ ಅಂತ ಜಗಿಯುತ್ತೆ, ನೀರೊಳಗೆ ಆ ಸದ್ದು ಕಿವಿಗೆ ಕೇಳ್ಸುತ್ತೆ. ಇನ್ನೊಂದು ತಮಾಷೆ ಅಂದ್ರೆ ಈ ಮೀನು ಮೊದಲು ಎಲ್ಲವೂ ಹೆಣ್ಣೇ, ಕಂದು ಬಣ್ಣದಲ್ಲಿ ಇರ್ತವೆ. ಒಂದು ಏರಿಯಾದ ನೀಲಿ ಗಂಡು ಸತ್ರೆ ಅಲ್ಲಿರೋ ದೊಡ್ಡ ಹೆಣ್ಣು ಬಣ್ಣ ಬದಲಾಯಿಸಿ ಗಂಡಾಗುತ್ತೆ. ಅಂದ್ರೆ ನೀಲಿ ಒಂದನ್ನ ಯಾರಾದ್ರೂ ಕೊಂದ್ರೆ ಆ ಮೀನಿನ ಇಡೀ ಸಂಸಾರವೇ ಅಲ್ಲೋಲ ಕಲ್ಲೋಲ. ಈಟಿಯಿಂದ ಇದನ್ನ ಹೊಡೆಯೋದು ಈ ರಾಜ್ಯದಲ್ಲಿ 1969ರಿಂದಲೇ ನಿಷೇಧ. ಕೆಲವರು ಕಡಲಚಿಳ್ಳೆ ಒಡೆದು ಅದಕ್ಕೆ ತಿನ್ನಿಸಿ ಹತ್ರ ಕರೆಸಿ ವಿಡಿಯೋ ಮಾಡ್ತಾರೆ, ಆ ಕಡಲಚಿಳ್ಳೆನೂ ರಿಸರ್ವ್‌ದೇ ಅಲ್ವಾ, ಅದನ್ನ ಮುಟ್ಟೋದೇ ತಪ್ಪು, ಇದನ್ನ ಹೇಳಿದ್ರೆ ನಮ್ಮನ್ನೇ ಗುರಾಯಿಸ್ತಾರೆ.

ಶಾರ್ಕ್ ಇದ್ಯಾ ಅಂತ ಎಲ್ರೂ ಕೇಳ್ತಾರೆ. ಇದೆ. ಮುಚ್ಚಿಡೋದು ಏನೂ ಇಲ್ಲ. ಬೇಸಿಗೆ ಕೊನೆಯಿಂದ ಶರತ್ಕಾಲದವರೆಗೆ, ಅಂದ್ರೆ ಇಲ್ಲಿನ ಫೆಬ್ರವರಿಯಿಂದ ಮೇ ಆಸುಪಾಸು, ಡಸ್ಕಿ ವೇಲರ್ ಅನ್ನೋ ಶಾರ್ಕಿನ ಮರಿಗಳು ಈ ಕೊಲ್ಲಿಗೆ ಬರ್ತವೆ, ಒಂದು ಮೀಟರ್ ಉದ್ದ ಇರುತ್ತೆ, ಮರಳಿನ ಮೇಲೆ ಸುತ್ತು ಹೊಡೀತಾ ಇರ್ತವೆ, ಆಕಾರ ಮಾತ್ರ ಟೀವಿಲಿ ನೋಡಿದ ಶಾರ್ಕಿಂದೇ, ಅದಕ್ಕೇ ಮೊದಲ ಸಲ ನೋಡಿದಾಗ ಎದೆ ಧಸಕ್ ಅನ್ನುತ್ತೆ. ಅವಕ್ಕೆ ನಾವಂದ್ರೆ ಭಯ, ಹತ್ರ ಬರಲ್ಲ. ಇನ್ನೊಂದು ವಾಬ್ಬೆಗಾಂಗ್, ಇದು ಕಾರ್ಪೆಟ್ ಶಾರ್ಕ್, ತಳದಲ್ಲಿ ಚಪ್ಪಟೆಯಾಗಿ ಮಲಗಿರುತ್ತೆ. ಮೈ ಮೇಲೆ ಕಂದು ಹಳದಿ ಚಿತ್ತಾರ, ಬಾಯಿ ಸುತ್ತ ಪಾಚಿ ಎಳೆ ಥರ ಜೋತು ಬಿದ್ದಿರೋ ಚರ್ಮ, ಎರಡು ಮೀಟರ್ ದೂರದಿಂದ ನೋಡಿದ್ರೂ ಬಂಡೆ ಅಂತಲೇ ಅನ್ಸುತ್ತೆ. ಅದರ ಪಾಡಿಗೆ ಅದನ್ನ ಬಿಟ್ರೆ ಏನೂ ಮಾಡಲ್ಲ, ಆದ್ರೆ ಬಾಲ ಎಳೆಯೋ ಶೂರರು ಯಾರಾದ್ರೂ ಇದ್ರೆ ಕೇಳ್ಕೊಳ್ಳಿ, ಅದು ತಿರುಗಿ ತನ್ನ ಬಾಲ ಹಿಡಿದ ಕೈಯನ್ನೇ ಕಚ್ಚೋ ಅಷ್ಟು ಬಳುಕುತ್ತೆ, ಕಚ್ಚಿದ್ರೆ ಬಿಡಲ್ಲ. ಆಳ ಕಮ್ಮಿ ಇರೋ ಕಡೆ ಬಂಡೆ ಮೇಲೆ ಕಾಲೂರಿ ನಿಂತ್ಕೋಬೇಡಿ ಅಂತ ಹೇಳೋದು ಇದಕ್ಕೂ ಹೌದು, ಕಡಲಚಿಳ್ಳೆ ಮುಳ್ಳಿಗೂ ಹೌದು.

ಚಳಿಗಾಲದಲ್ಲಿ, ಅಂದ್ರೆ ಇಲ್ಲಿ ಜೂನಿಂದ ಆಗಸ್ಟ್, ಬರೋರು ಕಮ್ಮಿ, ಆದ್ರೆ ನನ್ನ ಪ್ರಕಾರ ನೋಡೋಕೆ ಹೆಚ್ಚು ಸಿಗೋದು ಆಗ್ಲೇ. ಪೋರ್ಟ್ ಜಾಕ್ಸನ್ ಶಾರ್ಕುಗಳು ಮೊಟ್ಟೆ ಇಡೋಕೆ ದಡದ ಹತ್ರ ಬರ್ತವೆ, ಮೊಟ್ಟೆ ಸ್ಕ್ರೂ ಆಕಾರದಲ್ಲಿ ಇರುತ್ತೆ, ತಾಯಿ ಅದನ್ನ ಬಂಡೆ ಸಂದಿಗೆ ಸಿಗಿಸಿ ಹೋಗುತ್ತೆ, ಖಾಲಿ ಆದವು ಕೆಲವೊಮ್ಮೆ ದಡಕ್ಕೆ ಬಂದು ಬಿದ್ದಿರ್ತವೆ. ಅದೇ ಕಾಲಕ್ಕೆ ಆಕ್ಟೋಪಸ್ ಥರ ತೋಳುಗಳಿರೋ ದೊಡ್ಡ ಕಟಲ್‌ಫಿಶ್ ಕೂಡ. ಒಂದು ಸಲ ಕಟಲ್‌ಫಿಶ್ ಸಿಕ್ತು ಅಂದ್ರೆ ಅಲ್ಲೇ ತೇಲ್ತಾ ನಿಂತ್ಬಿಡಿ, ಮುಂದೆ ಹೋಗ್ಬೇಡಿ. ಮೊದಲು ಕೆಂಪು ಕಂದು ಇರುತ್ತೆ, ನೀವು ಹತ್ರ ಹೋದ ಕೂಡ್ಲೇ ಮೈ ಮೇಲೆ ಬಿಳಿ ಪಟ್ಟೆಗಳು ಹರಿದಾಡೋಕೆ ಶುರು, ನುಣ್ಣಗಿದ್ದ ಚರ್ಮದ ಮೇಲೆ ಮುಳ್ಳು ಮುಳ್ಳು ಏಳುತ್ತೆ, ಮುಂದಿನ ಎರಡು ತೋಳು ಮೇಲೆತ್ತಿ ನಿಲ್ಲುತ್ತೆ, ನೀವು ಅಲ್ಲಾಡ್ದೇ ಇದ್ರೆ ನಿಧಾನಕ್ಕೆ ತೋಳು ಇಳಿಸಿ ಮತ್ತೆ ಬಂಡೆ ಬಣ್ಣಕ್ಕೆ ಬಂದ್ಬಿಡುತ್ತೆ. ಇಷ್ಟಕ್ಕೆ ಟಿಕೆಟ್ ಇಲ್ಲ, ಎಂಟ್ರಿ ಫೀಸ್ ಇಲ್ಲ.

ತಾಪಮಾನದ ವಿಷ್ಯ ಬಹಳ ಜನ ಏಮಾರೋದು. ಹೊರಗಿನ ಬಿಸಿಲಿಗೂ ನೀರಿಗೂ ಎರಡು ತಿಂಗಳು ಅಂತರ ಇದೆ ಅನ್ಕೊಳ್ಳಿ. ಅಕ್ಟೋಬರ್ ನವೆಂಬರಲ್ಲಿ ಮೇಲೆ 28 ಡಿಗ್ರಿ ಬಿಸಿಲು ಕಾಯ್ತಿದ್ರೂ ನೀರು ಇನ್ನೂ 18, 19ರ ಹತ್ರಾನೇ ಇರುತ್ತೆ, ಬರೀ ಟೀ ಶರ್ಟಲ್ಲಿ ಇಳಿದ್ರೆ ಹತ್ತು ನಿಮಿಷಕ್ಕೆ ಹಲ್ಲು ಕಡಿಯೋಕೆ ಶುರು. ನೀರು ಬೆಚ್ಚಗಿರೋದು ಫೆಬ್ರವರಿ ಮಾರ್ಚಲ್ಲಿ, 23 ಡಿಗ್ರಿ ಆಸುಪಾಸು, ಏಪ್ರಿಲ್‌ವರೆಗೂ ಚೆನ್ನಾಗಿರುತ್ತೆ. ಒಂದೇ ತಿಂಗಳು ಆರಿಸ್ಕೋ ಅಂದ್ರೆ ನಾನು ಮಾರ್ಚ್ ಅಂತೀನಿ, ಸ್ಕೂಲ್ ರಜೆ ಮುಗಿದು ಜನ ಕಮ್ಮಿ ಆಗಿರ್ತಾರೆ, ಶಾರ್ಕ್ ಮರಿಗಳೂ ಇರ್ತವೆ. ಉಳಿದ ಟೈಮಲ್ಲಿ ಮೈ ಬೆಚ್ಚಗಿಡೋ ವೆಟ್‌ಸೂಟ್ ತಗೊಳ್ಳಿ, ಮ್ಯಾನ್ಲಿಯ ಡೈವ್ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತೆ, ಮಾಸ್ಕು, ಫಿನ್ಸು ಎಲ್ಲಾ ಸಿಗುತ್ತೆ. ಮಾಸ್ಕ್ ಬಗ್ಗೆ ಒಂದು ಮಾತು, ಮುಖ ಪೂರ್ತಿ ಮುಚ್ಚೋ ಆ ಹೊಸ ಥರದ್ದು ನೋಡೋಕೆ ಆರಾಮ ಅನ್ಸುತ್ತೆ, ಆದ್ರೆ ಮೂಗು ಹಿಡಿಯೋಕೆ ಆಗಲ್ಲ, ಹಾಗಾಗಿ ಎರಡು ಮೀಟರ್ ಕೆಳಗೆ ಮುಳುಗಿದ್ರೂ ಕಿವಿ ನೋವು, ಒಳಗೆ ನೀರು ಹೋದ್ರೆ ಬೇಗ ಕಿತ್ತಾಕೋದೂ ಕಷ್ಟ. ಹಳೇ ಥರದ್ದೇ ತಗೊಳ್ಳಿ. ಪಟ್ಟಿ ಹಾಕದೇ ಮುಖಕ್ಕೆ ಒತ್ತಿ ಮೂಗಲ್ಲಿ ಉಸಿರು ಎಳೀರಿ, ಬೀಳದೇ ಅಂಟ್ಕೊಂಡು ನಿಂತ್ರೆ ಅದು ನಿಮ್ಮ ಅಳತೆ. ಮಬ್ಬು ಕಟ್ಟಬಾರ್ದು ಅಂದ್ರೆ ಒಳಗೆ ಉಗುಳಿ ಉಜ್ಜಿ ತೊಳೀರಿ, ಅಸಹ್ಯ ಪಟ್ಕೊಳ್ಳೋರು ಒಂದು ತೊಟ್ಟು ಬೇಬಿ ಶಾಂಪೂ ಹಾಕ್ಕೊಳ್ಳಿ.

ಸೇಫ್ಟಿ ವಿಷ್ಯದಲ್ಲಿ ಮೂರು ಸಂಗತಿ ನೋಡ್ಕೊಂಡೇ ಹೊರಡಿ. ಜೋರು ಮಳೆ ಬಂದಿದ್ರೆ ಮಾರನೇ ದಿನ ಹೋಗ್ಬೇಡಿ, ರಸ್ತೆ ಮೇಲಿನ ಕೊಳಕೆಲ್ಲ ಚರಂಡಿ ಮೂಲಕ ಕಡಲಿಗೇ ಬರೋದು, ಬೀಚ್‌ವಾಚ್ ಅನ್ನೋ ಸರ್ಕಾರಿ ಸೈಟಲ್ಲಿ ದಿನಾ ನೀರಿನ ಗುಣಮಟ್ಟ ಹಾಕ್ತಾರೆ. ಈಶಾನ್ಯದ ಗಾಳಿ ಎರಡು ದಿನ ಬೀಸಿದ್ರೆ ಬ್ಲೂಬಾಟಲ್ ಬರ್ತವೆ, ನೀಲಿ ಬಲೂನ್ ಥರ ಇರೋ ಜೀವಿ, ಉದ್ದ ದಾರ ತಾಗಿದ್ರೆ ಉರಿ ಅಂದ್ರೆ ಉರಿ. ತಾಗಿದ್ರೆ ದಾರ ಬಿಡಿಸಿ, ಕಡಲ ನೀರಲ್ಲೇ ತೊಳೆದು, ತಡ್ಕೊಳ್ಳೋ ಅಷ್ಟು ಬಿಸಿ ನೀರಲ್ಲಿ 20 ನಿಮಿಷ ಇಡೋದು ಇಲ್ಲಿನ ಪ್ರಥಮ ಚಿಕಿತ್ಸೆ, ಇದಕ್ಕೆ ವಿನೆಗರ್ ಹಾಕ್ಬಾರ್ದು. ಕೊನೇದು ಮಕ್ಕಳಿಗೆ, ಬಂಡೆ ಹೊಂಡಗಳಲ್ಲಿ ಕೈ ಹಾಕಿ ಚಿಪ್ಪು ಎತ್ತೋದು ಬೇಡ್ವೇ ಬೇಡ, ಬ್ಲೂ ರಿಂಗ್ಡ್ ಆಕ್ಟೋಪಸ್ ಸಿಡ್ನಿಯ ಹೊಂಡಗಳಲ್ಲಿ ಇರುತ್ತೆ, ಅಂಗೈಗಿಂತ ಚಿಕ್ಕದು, ಕಚ್ಚಿದ್ರೆ ನೋವೂ ಅಷ್ಟಾಗಿ ಗೊತ್ತಾಗಲ್ಲ, ಆದ್ರೆ ಉಸಿರಾಟ ನಿಲ್ಲಿಸೋ ವಿಷ, ಅದಕ್ಕೆ ಪ್ರತಿವಿಷ ಇಲ್ಲ. ಇಲ್ಲಿನ ತುರ್ತು ಸಹಾಯದ ನಂಬರ್ 000. ಹೆದರಿಸೋಕೆ ಹೇಳ್ತಿಲ್ಲ, ಕಣ್ಣಲ್ಲಿ ನೋಡಿ, ಕೈ ಹಿಂದೆ ಕಟ್ಕೊಳ್ಳಿ ಅಂತ ಮಕ್ಕಳಿಗೆ ಮೊದಲೇ ಹೇಳಿದ್ರೆ ಸಾಕು. ಆಮೇಲೆ ಒಬ್ರೇ ಇಳಿಯೋದು ಬೇಡ, ಈಜು ಎಷ್ಟೇ ಬರ್ಲಿ.

ಪಿಕ್ನಿಕ್ಕಿಗೆ ಬರೋಣ. ಮರಳಿನ ಹಿಂದೆಯೇ ಹುಲ್ಲಿನ ಜಾಗ ಇದೆ, ಮರದ ನೆರಳಿದೆ, ಕರೆಂಟ್ ಬಾರ್ಬೆಕ್ಯೂ ಇವೆ, ಬಟನ್ ಒತ್ತಿದ್ರೆ ಬಿಸಿಯಾಗುತ್ತೆ, ದುಡ್ಡು ಕೊಡ್ಬೇಕಾಗಿಲ್ಲ, ಟಾಯ್ಲೆಟ್, ಶವರ್ ಎಲ್ಲಾ ಪಕ್ಕದಲ್ಲೇ. ವೀಕೆಂಡಲ್ಲಿ ಬಾರ್ಬೆಕ್ಯೂ ಸಿಗ್ಬೇಕು ಅಂದ್ರೆ ಹನ್ನೊಂದಕ್ಕೆ ಮುಂಚೆ ಹಿಡೀಬೇಕು. ನಾವು ಮನೆಯಿಂದ ಕಲಸನ್ನ ತಗೊಂಡು ಹೋಗ್ಬಿಡ್ತೀವಿ, ಮೊಸರನ್ನ, ಪುಳಿಯೋಗರೆ, ಕಾಯೋ ರಗಳೆ ಇಲ್ಲ. ಆದ್ರೆ ಡಬ್ಬಿ ಮುಚ್ಚಳ ತೆಗೆದಿಟ್ಟು ಆ ಕಡೆ ತಿರುಗಿದ್ರೋ ಹೋಯ್ತು. ಇಲ್ಲಿನ ಸೀಗಲ್‌ಗಳು ಪಕ್ಕಾ ಕಳ್ಳರು, ಒಂದು ಎದುರಿಗೆ ಬಂದು ಪಾಪದ ಹಾಗೆ ನಿಂತಿರುತ್ತೆ, ಇನ್ನೊಂದು ಹಿಂದಿನಿಂದ ಎತ್ಕೊಂಡು ಹೋಗುತ್ತೆ, ಪುಳಿಯೋಗರೆ ಖಾರ ಅಂತಾನೂ ನೋಡಲ್ಲ. ದಡದಲ್ಲಿ ಕೆಫೆ ಇದೆ, ಜಾಗಕ್ಕೆ ತಕ್ಕ ಬೆಲೆ, ಒಂದು ಕಾಫಿಗೆ ಓಕೆ, ಮನೆಮಂದಿಗೆಲ್ಲ ಊಟ ಅಂದ್ರೆ ಕಾರ್ಸೋ ಬೀದಿಯಿಂದಾನೇ ಕಟ್ಟಿಸ್ಕೊಂಡು ಬರೋದು ವಾಸಿ.

ನಡೆಯೋರಿಗೆ ಇನ್ನೊಂದು ಬೋನಸ್ಸು. ಕಾರ್ ಪಾರ್ಕಿಂಗ್ ಪಕ್ಕದಿಂದ ಗುಡ್ಡದ ಮೇಲಕ್ಕೆ ಮೆಟ್ಟಿಲಿದೆ, ಐದು ನಿಮಿಷದಲ್ಲಿ ಲುಕ್‌ಔಟ್. ಮೇ ತಿಂಗಳಿಂದ ನವೆಂಬರ್‌ವರೆಗೆ ಹಂಪ್‌ಬ್ಯಾಕ್ ತಿಮಿಂಗಿಲಗಳು ಈ ಕರಾವಳಿ ದಾಟ್ತವೆ, ಮೊದಲು ಉತ್ತರಕ್ಕೆ, ಆಮೇಲೆ ಮರಿ ಜೊತೆ ದಕ್ಷಿಣಕ್ಕೆ, ಬೈನಾಕ್ಯುಲರ್ ಇದ್ರೆ ತನ್ನಿ. ಇನ್ನೂ ಮೇಲೆ ಹೋದ್ರೆ ಹಳೇ ಕಲ್ಲಿನ ಗೋಡೆ, ಅದರಲ್ಲೊಂದು ಕಿಂಡಿ, ಅದರ ಮೂಲಕ ನುಗ್ಗಿದ್ರೆ ನಾರ್ತ್ ಹೆಡ್‌ನ ಕುರುಚಲು ಕಾಡು. ಎರಡನೇ ಮಹಾಯುದ್ಧದ ಕಾಲದ ಫಿರಂಗಿ ಜಾಗಗಳು, ಬಂದರಿನ ಬಾಯಿಯ ನೋಟ, ಎಲ್ಲಾ ಆ ಕಡೆ. ಹೋಗಿ ಬರೋಕೆ ಎರಡು ಮೂರು ಗಂಟೆ ಬೇಕು, ನೆರಳು ಕಮ್ಮಿ, ನೀರು ತಗೊಂಡ್ಹೋಗಿ. ನಾಯಿ ಕರ್ಕೊಂಡು ಹೋಗೋ ಹಾಗಿಲ್ಲ, ಅಲ್ಲಿ ಬ್ಯಾಂಡಿಕೂಟ್ ಅನ್ನೋ ಪುಟ್ಟ ಪ್ರಾಣಿ ಇದೆ, ಅಲ್ಲಿನ ಅದರ ಸಂತತಿ ಅಪಾಯದಂಚಲ್ಲಿದೆ. ಬೆಳಗ್ಗೆ ಸ್ನಾರ್ಕೆಲಿಂಗ್ ಮಾಡಿ ಮಧ್ಯಾಹ್ನ ಈ ನಡಿಗೆ ಮಾಡ್ತೀನಿ ಅನ್ನೋರಿಗೆ ನನ್ನ ಸಲಹೆ, ಉಲ್ಟಾ ಮಾಡ್ಬೇಡಿ, ನಡೆದು ಬೆವೆತು ಬರೋ ಹೊತ್ತಿಗೆ ಆ ಈಶಾನ್ಯದ ಗಾಳಿ ಎದ್ದಿರುತ್ತೆ.

ಬೈಗುಳ ಉಳಿಸ್ಕೊಂಡಿದ್ದು ಪಾರ್ಕಿಂಗಿಗೆ. ಬೀಚಿನ ಮೇಲುಗಡೆ ಒಂದು ಪೇ ಪಾರ್ಕಿಂಗ್ ಇದೆ, ಪುಟ್ಟದು, ಬೇಸಿಗೆ ಶನಿವಾರ ಎಂಟು ಗಂಟೆಗೆಲ್ಲ ತುಂಬಿ ಹೋಗಿರುತ್ತೆ, ಅಲ್ಲಿಗೆ ಹೋಗೋ ರಸ್ತೆ ಕಿರಿದು, ಒಂದು ಸಲ ಒಳಗೆ ಹೋದ್ರೆ ತಿರುಗಿಸ್ಕೊಂಡು ಬರೋಕೂ ಕ್ಯೂ. ಮೀಟರ್ ರೇಟೂ ಕಮ್ಮಿ ಏನಿಲ್ಲ. ಪಕ್ಕದ ಬೀದಿಗಳಲ್ಲಿ ನಿಲ್ಲಿಸ್ತೀನಿ ಅಂದ್ರೆ ಟೈಮ್ ಲಿಮಿಟ್ ಬೋರ್ಡು, ಹತ್ತು ನಿಮಿಷ ಮೀರಿದ್ರೂ ದಂಡದ ಚೀಟಿ ವೈಪರಿಗೆ ಸಿಕ್ಕಿಸಿ ಹೋಗಿರ್ತಾರೆ. ವಯಸ್ಸಾದವರು ಇದ್ದು ನಡೆಸೋಕೆ ಆಗಲ್ಲ ಅಂದ್ರೆ ಅವರನ್ನ ಮೇಲೆ ಇಳಿಸಿ ಕಾರನ್ನ ಮ್ಯಾನ್ಲಿ ಪೇಟೆಯ ದೊಡ್ಡ ಪಾರ್ಕಿಂಗ್‌ಗೆ ಒಯ್ದುಬಿಡಿ, ಅದೊಂದೇ ದಾರಿ. ಮಿಕ್ಕವರೆಲ್ಲ ಫೆರಿಲೇ ಬನ್ನಿ. ವಾರದ ದಿನ ರಜೆ ಹಾಕೋಕೆ ಆಗುತ್ತೆ ಅಂದ್ರೆ ಮಂಗಳವಾರವೋ ಬುಧವಾರವೋ ಬನ್ನಿ, ಗಂಟೆ ಎಂಟಾದ್ರೂ ಬಲಗಡೆ ಬಂಡೆ ಸಾಲಿನಲ್ಲಿ ನೀವು, ನಿಮ್ಮ ಜೊತೆಯವರು, ಆ ನೀಲಿ ಗ್ರೋಪರು ಬಿಟ್ರೆ ಬೇರೆ ಯಾರೂ ಇರಲ್ಲ. ಭಾನುವಾರ ಸಂಜೆ ವಾಪಸ್ ಹೋಗೋರಿಗೆ ಮಾತ್ರ ಒಂದು ಮಾತು, ಐದು ಗಂಟೆ ಫೆರಿಗೆ ಇಡೀ ಮ್ಯಾನ್ಲಿ ಕ್ಯೂ ನಿಂತಿರುತ್ತೆ, ಒಂದೋ ಮೂರೂವರೆಗೆ ಹೊರಡಿ, ಇಲ್ಲಾ ಏಳಾಗ್ಲಿ ಬಿಡಿ, ಹೇಗಿದ್ರೂ ಪಶ್ಚಿಮಕ್ಕೆ ಮುಖ ಮಾಡಿರೋ ಬೀಚು, ಸೂರ್ಯಾಸ್ತ ನೋಡ್ಕೊಂಡೇ ಹೋಗಬಹುದು.